ಎಲ್ಲಿಂದ ಬಂತು, ತೋರ್ಸು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಎಂಟನೇ ತರಗತಿಯವರ ಪಾಠ ಮುಗಿಸಿ ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕುತ್ತಿದ್ದೆ. ನಮ್ಮ ಶಾಲೆಯ ಶಿಕ್ಷಕರು, ಹಳೆಯ ಪೋಷಕರು ಎಲ್ಲ ಇರುವ ಫೋನಿನ ಗ್ರೂಪಿಗೆ ಯಾರೋ ಹಾಕಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಡುವೆ ಒಬ್ಬ ತಾಯಿ, 'ಸದಾ ನಗುಮೊಗದ, ಶಾಂತ ಸ್ವಭಾವದ ನಮ್ಮ ಗಣಿತದ ಮೇಡಂ ಇನ್ನಿಲ್ಲ' ಎಂದು ಬರೆದಿದ್ದರು. ಆಕೆ ಯಾರೆಂದು ನನಗೆ ಗೊತ್ತು. ಮೇಡಂ ಹತ್ತಿರ ಮಗನನ್ನು ಪಾಠಕ್ಕೆ ಕಳಿಸುವುದನ್ನು ಮೊಟ್ಟಮೊದಲು ನಿಲ್ಲಿಸಿದವರು ಅವರೇ. ಓದಿ ಫೋನನ್ನು ಆಫ್ ಮಾಡಿ ಬ್ಯಾಗಿಗೆ ತುರುಕಿದೆ. ದುಃಖಕ್ಕಲ್ಲ.

ಮೇಡಂಗೆ ಕೋಪ ಬರುತ್ತಿತ್ತು. ಬೇರೆಯವರಿಗೆ ಹಸಿವಾಗುವ ಹಾಗೆ ದಿನಾ ಬರುತ್ತಿತ್ತು. ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮೊದಲು ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸುವರು. ಆಮೇಲೆ ಎದುರಿನವರು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾದಷ್ಟು ಮೆಲ್ಲಗೆ ಮಾತಾಡುವರು. ಸ್ಟಾಫ್ ರೂಮಿನಲ್ಲಿ ಅವರ ಕೈ ಕನ್ನಡಕಕ್ಕೆ ಹೋಯಿತೆಂದರೆ ನಾವು ಟೀ ಲೋಟ ಕೆಳಗಿಡುತ್ತಿದ್ದೆವು.

ನಾನು ಕಂಪ್ಯೂಟರ್ ಟೀಚರಾಗಿ ಸೇರಿದಾಗ ಅವರು ಆಗಲೇ ಅಲ್ಲಿ ಹಳಬರು. ನನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. ಸೇರಿದ ಹೊಸತರಲ್ಲಿ ಒಂದು ಪೋಷಕರ ಸಭೆ. ಒಬ್ಬ ತಂದೆ ಮಗಳ ಎದುರಿಗೇ ನಗುತ್ತಾ, "ನಮ್ಮ ಹುಡುಗಿಗೆ ಮ್ಯಾಥ್ಸ್ ಬರಲ್ಲ ಮೇಡಂ, ಹೆಣ್ಣುಮಕ್ಕಳಿಗೆ ಅಷ್ಟೇ ಅಲ್ವಾ," ಎಂದರು. ಮೇಡಂ ಕನ್ನಡಕ ಒರೆಸಿಕೊಂಡರು. "ಇಲ್ಲಿ ಕೂತ್ಕೊಳ್ಳಿ ಸಾರ್," ಎಂದು ಅವರನ್ನು ಮಗಳ ಬೆಂಚಿನಲ್ಲಿ ಕೂರಿಸಿ, ಬೋರ್ಡಿನ ಮೇಲೆ ಒಂಬತ್ತನೆಯ ತರಗತಿಯದೇ ಒಂದು ಲೆಕ್ಕ ಬರೆದು, "ಮಾಡಿ" ಎಂದರು. ಅವರು ಬೆವರಿದರು. ಮಗಳು ಎದ್ದು ಹೋಗಿ ಮಾಡಿದಳು. ಮೇಡಂ ಆ ಮನುಷ್ಯನಿಗೆ ಹೇಳಿದ್ದು ಇಷ್ಟೇ: "ಬರಲ್ಲ ಅನ್ನೋದು ನಿಮಗೆ. ಅವಳ ಮೇಲೆ ಹಾಕ್ಬೇಡಿ."

ಮಕ್ಕಳಿಗೆ ಅವರು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದ ಮಾತು ಒಂದು. ಯಾರಾದರೂ ಥಟ್ಟನೆ ಉತ್ತರ ಹೇಳಿದರೆ, ಅದು ಸರಿಯಾಗಿದ್ದರೂ, "ಉತ್ತರ ಇರ್ಲಿ. ಎಲ್ಲಿಂದ ಬಂತು, ತೋರ್ಸು," ಎನ್ನುವರು. ಪಕ್ಕದವನ ಪುಸ್ತಕದಿಂದ ಬಂದಿದ್ದರೆ ಅಲ್ಲಿಗೇ ಗೊತ್ತಾಗುತ್ತಿತ್ತು. ಒಮ್ಮೆ ಆಡಳಿತ ಮಂಡಳಿಯವರ ಕಡೆಯ ಹುಡುಗನೊಬ್ಬನಿಗೆ ನಾಲ್ಕಂಕ ಕೂಡಿಸಿಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗಲೂ ಅದೇ ಪ್ರಶ್ನೆ. "ಕೊಡ್ತೀನಿ ಸಾರ್. ಎಲ್ಲಿಂದ ಬಂತು ಅಂತ ಬರೀಲಿ?" ಅಂಕ ಬರಲಿಲ್ಲ. ಮುಂದಿನ ವರ್ಷ ಮೇಡಂಗೆ ಮೂರನೆಯ ಮಹಡಿಯ ಕ್ಲಾಸು ಬಂತು. ಮಂಡಿ ನೋವಿದ್ದರೂ ಹತ್ತಿ ಇಳಿದರು, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಮದುವೆಯಾಗಿರಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ತಂದೆ ಕಟ್ಟಿಸಿದ ಮನೆ, ಅದರಲ್ಲಿ ಒಬ್ಬರೇ. ಪಕ್ಕದಲ್ಲಿ ಒಂದು ದರ್ಶಿನಿ ಬಂದ ಮೇಲೆ ಅವರ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ತಿಂಡಿಗೆ ಹೋಗುವವರು ಹೆಚ್ಚಾದರು. ಮೇಡಂ ಬೈಯುತ್ತಿರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕಾರಿನ ಮುಂದೆ ಹಾಕಿಕೊಂಡು ಪೇಪರ್ ಓದುತ್ತಾ ಕೂರುವರು. ಒಮ್ಮೆ ನಾನೇ ನೋಡಿದೆ. ಕಾರಿನವನು ಬಾಯಿ ಒರೆಸಿಕೊಳ್ಳುತ್ತಾ ಬಂದ. "ಐದೇ ನಿಮಿಷ ಹೋಗಿದ್ದೆ ಆಂಟಿ."

"ಸರಿ. ನಂದು ಇನ್ನೂ ಎರಡು ಪೇಜಿದೆ. ನಿಂತಿರು."

ನಿಂತೇ ಇದ್ದ.

ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಹತ್ತನೆಯ ತರಗತಿಯವರಿಗೆ ಟ್ಯೂಷನ್ ಶುರುಮಾಡಿದರು. ಕೊರೋನಾ ಬಂದಾಗ ಅವರ ಅಣ್ಣನ ಮಗ ಒಂದು ಕಂಪ್ಯೂಟರ್ ತಂದುಕೊಟ್ಟ. ಕ್ಯಾಮೆರಾ ಮುಂದೆ ಕೂರುವುದು, ಪರದೆಯ ಮೇಲೆ ವೃತ್ತ ಬರೆಯುವುದು ಎಲ್ಲವನ್ನೂ ನನ್ನಿಂದ ಫೋನಿನಲ್ಲಿ ಕೇಳಿ ಕಲಿತರು. ಕೊರೋನಾ ಹೋದರೂ ಆನ್‌ಲೈನ್ ಪಾಠ ಹೋಗಲಿಲ್ಲ. ಹುಳಿಮಾವು, ಗೊಟ್ಟಿಗೆರೆ ಕಡೆಯ ಮಕ್ಕಳು ಆ ಟ್ರಾಫಿಕ್ಕಿನಲ್ಲಿ ಬನಶಂಕರಿಗೆ ಬಂದು ಮುಟ್ಟುವ ಹೊತ್ತಿಗೆ ಒಂದು ಅಧ್ಯಾಯವೇ ಮುಗಿದಿರುತ್ತಿತ್ತು. ಹಾಗಾಗಿ ಸಂಜೆ ಪಾಠವೆಲ್ಲ ಕಂಪ್ಯೂಟರಿನಲ್ಲೇ.

ಆ ಕಂಪ್ಯೂಟರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಜಾಹೀರಾತುಗಳು ಕಾಣಿಸಿಕೊಳ್ಳತೊಡಗಿದವು. ಪರದೆಯ ಬಲಗಡೆ ಕೆಳಮೂಲೆಯಿಂದ ಚೌಕವೊಂದು ಮೇಲೆ ಬರುವುದು. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಇಲ್ಲಿ ಒತ್ತಿ. ನಿಮಗೆ ಫೋನ್ ಬಹುಮಾನ ಬಂದಿದೆ, ಇಲ್ಲಿ ಒತ್ತಿ. ಮುಚ್ಚಿದರೆ ಇನ್ನೊಂದು. ಮೊದಮೊದಲು ಇಂಥವು. ಆಮೇಲೆ ಅರೆಬೆತ್ತಲೆ ಹೆಂಗಸರ ಚಿತ್ರಗಳು ಶುರುವಾದವು. ಇವಳು ನಿಮ್ಮ ಏರಿಯಾದಲ್ಲೇ ಇದ್ದಾಳೆ, ಮಾತಾಡಿ.

ಮೇಡಂ ಹತ್ತಿರದ ರಿಪೇರಿ ಅಂಗಡಿಯವನನ್ನು ಕರೆಸಿದರು. ಅವನು ಕೂತು ನೋಡುತ್ತಿರುವಾಗಲೇ ಅಂಥದೊಂದು ಚಿತ್ರ ಬಂತು. ಅವನು ಮೇಡಂ ಕಡೆ ತಿರುಗಿದ. ಆ ಮಾತುಕತೆಯನ್ನು ಮೇಡಂ ಆಮೇಲೆ ನನಗೆ ಅಕ್ಷರ ಬಿಡದೆ ಹೇಳಿದ್ದರು.

"ಇಂಥಾ ಸೈಟಿಗೆಲ್ಲ ಹೋಗ್ಬಾರದು ಮೇಡಂ."

"ಎಂಥಾ ಸೈಟಿಗೆ?"

"ಅದೇ... ಮನೇಲಿ ಗಂಡಸ್ರು ಯಾರಾದ್ರೂ ಯೂಸ್ ಮಾಡ್ತಾರಾ?"

"ನಾನೊಬ್ಳೇ ಇರೋದು."

ಅವನು ನಕ್ಕನಂತೆ. ಜೋರಾಗಿ ಅಲ್ಲ, ತುಟಿಯಂಚಿನಲ್ಲಿ. ಏನೋ ಆ್ಯಂಟಿವೈರಸ್ ಹಾಕಿ ಹೋದ. ಮರುದಿನದಿಂದ ಹಳೆಯ ಜಾಹೀರಾತುಗಳ ಜೊತೆಗೆ ಆ ಆ್ಯಂಟಿವೈರಸ್ಸಿನದೇ ಒಂದು ಚೌಕವೂ ಬರತೊಡಗಿತು, ನನ್ನನ್ನು ಕೊಂಡುಕೊಳ್ಳಿ ಎಂದು. ಮತ್ತೆ ಅವನನ್ನು ಕರೆಯಲು ಮೇಡಂಗೆ ಮನಸ್ಸಾಗಲಿಲ್ಲ. ಆ ನಗುವನ್ನು ಎರಡನೆಯ ಸಲ ನೋಡುವುದಕ್ಕಿಂತ ಮೂಲೆಯ ಚೌಕವೇ ವಾಸಿ ಎನ್ನಿಸಿತಂತೆ. ನನಗೂ ಆಗ ಹೇಳಲಿಲ್ಲ.

ಆಗಬಾರದ್ದು ಆಗಿದ್ದು ವೃತ್ತದ ಸ್ಪರ್ಶಕದ ಪಾಠದ ದಿನ. ಮೇಡಂ ತಮ್ಮ ಪರದೆಯನ್ನು ಎಲ್ಲ ಮಕ್ಕಳಿಗೂ ಕಾಣುವಂತೆ ತೆರೆದು, ವೃತ್ತದ ಹೊರಗಿನ ಒಂದು ಬಿಂದುವಿನಿಂದ ಗೆರೆ ಎಳೆಯುತ್ತಿದ್ದರು. ಕಣ್ಣು ಗೆರೆಯ ಮೇಲಿತ್ತು. ಯಾವನೋ ಹುಡುಗ ಕಿಸಕ್ಕೆಂದದ್ದು ಕೇಳಿಸಿತು. ಮೂಲೆಯಲ್ಲಿ ಚಿತ್ರ ಬಂದಿತ್ತು, ಹಿಂದೆಂದಿಗಿಂತ ಹೊಲಸಾದದ್ದು. ಮೇಡಂ ಅದನ್ನು ಮುಚ್ಚುವಷ್ಟರಲ್ಲಿ ಇನ್ನೊಂದು ಬಂತು. ಮಕ್ಕಳ ಹಿಂದೆ ಅಲ್ಲಲ್ಲಿ ಅಪ್ಪ ಅಮ್ಮಂದಿರೂ ಇದ್ದರು. ಪಾಠ ಅಲ್ಲಿಗೆ ನಿಂತಿತು.

ಆ ಸಂಜೆಯೇ ಟ್ಯೂಷನ್ ಪೋಷಕರ ಗ್ರೂಪಿನಲ್ಲಿ ಒಂದು ಸಂದೇಶ. ಮೇಡಂ ಕೂಡ ಅದರಲ್ಲಿದ್ದರು. ಬರೆದವರು ಸಿಂಧು ಎಂಬ ಹುಡುಗಿಯ ತಾಯಿ. 'ಇವತ್ತು ಕ್ಲಾಸಿನಲ್ಲಿ ಆದದ್ದನ್ನು ಯಾರೂ ತಪ್ಪು ತಿಳಿಯಬೇಡಿ. ಮೇಡಂಗೆ ವಯಸ್ಸಾಗಿದೆ, ಒಬ್ಬರೇ ಇರುತ್ತಾರೆ. ಗೊತ್ತಾಗದೆ ಏನೋ ನೋಡಿರಬಹುದು. ನಾವು ಅರ್ಥ ಮಾಡಿಕೊಳ್ಳೋಣ. ಆದರೆ ಮಕ್ಕಳ ಹಿತವನ್ನೂ ಯೋಚಿಸಬೇಕು.'

ಒಬ್ಬೊಬ್ಬರೇ ಕಾರಣ ಹೇಳಿದರು. ಒಬ್ಬರ ಮಗನಿಗೆ ಕಣ್ಣು ನೋವು. ಇನ್ನೊಬ್ಬರು ಬೇರೆ ಕೋಚಿಂಗಿಗೆ ಸೇರಿಸುತ್ತಿದ್ದಾರೆ. ಪರೀಕ್ಷೆ ಹತ್ತಿರವಿದ್ದರೂ ಎಲ್ಲರಿಗೂ ಒಂದೇ ವಾರದಲ್ಲಿ ಕಾರಣ ಸಿಕ್ಕಿತು. ಒಬ್ಬರೂ ಜಗಳ ಆಡಲಿಲ್ಲ. ಏನು ಮೇಡಂ ಇದು ಎಂದು ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಅವರು ಉತ್ತರ ಹೇಳುತ್ತಿದ್ದರು. ನನಗೆ ಈಗಲೂ ಹೊಟ್ಟೆ ಉರಿಯುವುದು ಆ ಸಭ್ಯತೆಗೆ. ಮೂವತ್ತೈದು ವರ್ಷ ಪಾಠ ಹೇಳಿದ ಹೆಂಗಸನ್ನು ಮಾಡದ ತಪ್ಪಿಗೆ ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟರು. ಬಿ.ಟಿ.ಎಂ. ಲೇಔಟಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಒಬ್ಬಾಕೆ ನನಗೆ ಪಿಸುಗುಟ್ಟಿದರು: "ಪಾಪ, ಮದುವೆ ಇಲ್ಲ, ಏನಿಲ್ಲ. ಮನುಷ್ಯರಿಗೆ ಇರುತ್ತಲ್ವಾ ಏನೇನೋ." ನನಗೆ ವಿಷಯ ಗೊತ್ತಾಗಿದ್ದೇ ಹಾಗೆ. ಲಿಫ್ಟು ನಿಂತ ಮಹಡಿಯಲ್ಲೇ ಇಳಿದು ಮೇಡಂಗೆ ಫೋನ್ ಮಾಡಿದೆ.

"ಕೇಳಿದ್ಯಾ," ಎಂದರು. ದನಿ ಎಷ್ಟು ಕೆಳಗಿತ್ತೆಂದರೆ ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು. "ಸರಿ, ಶನಿವಾರ ಬಾ."

ಶನಿವಾರ ಬೆಳಿಗ್ಗೆ ಹೋದೆ. ಮುಂದಿನ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಕಂಪ್ಯೂಟರಿನ ಮುಂದೆ ಎರಡು ಕುರ್ಚಿ.

ಕೂತ ಸ್ವಲ್ಪ ಹೊತ್ತಿಗೇ ಚೌಕ ಮೇಲೆ ಬಂತು. ಕಾಯಿಲೆ ಕಂಡುಹಿಡಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬ್ರೌಸರಿನ ಸೆಟ್ಟಿಂಗಿನಲ್ಲಿ ಯಾವ ಯಾವ ಜಾಲತಾಣಗಳು ನಮಗೆ ಸೂಚನೆ ಕಳಿಸಬಹುದು ಎಂದು ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಅರ್ಥವಿಲ್ಲದ ಉದ್ದನೆಯ ಹೆಸರಿನ ಒಂದು ತಾಣಕ್ಕೆ ಅನುಮತಿ ಸಿಕ್ಕಿತ್ತು. ಅದನ್ನು ತೆಗೆದೆ. ಅದರ ಜೊತೆಗೇ ಬಂದು ಬ್ರೌಸರಿಗೆ ಅಂಟಿಕೊಂಡಿದ್ದ ಎಕ್ಸ್‌ಟೆನ್ಷನ್ ಎಂಬ ಒಂದು ಬೇಡದ ಬಾಲ ಇತ್ತು, ಅದನ್ನೂ ಕತ್ತರಿಸಿದೆ. ಕಡತದ ರೂಪ ಬದಲಿಸಿಕೊಡುತ್ತೇನೆ ಎನ್ನುವ ಸಣ್ಣದೊಂದು ಪ್ರೋಗ್ರಾಂ ಮೆಷಿನ್ನಿನೊಳಗೆ ಕೂತಿತ್ತು, ಅದನ್ನು ಕಿತ್ತೆ. ರಿಪೇರಿಯವನು ಹಾಕಿದ್ದನ್ನೂ ಕಿತ್ತೆ. ಮತ್ತೆ ಆನ್ ಮಾಡಿ, ಇಡೀ ಮೆಷಿನ್ನನ್ನು ತಪಾಸಣೆಗೆ ಬಿಟ್ಟು ಕಾದೆವು. ಮೂಲೆ ಖಾಲಿಯಾಗಿಯೇ ಇತ್ತು.

"ಹೋಯ್ತು ಮೇಡಂ," ಎಂದೆ.

"ಹೋಗಿದ್ದು ಸರಿ. ಎಲ್ಲಿಂದ ಬಂತು, ತೋರ್ಸು."

ಯಾವ ದಿನ ಯಾವ ಪುಟ ತೆರೆದಿದ್ದರೆಂದು ಬ್ರೌಸರಿನಲ್ಲಿ ಉಳಿದಿರುತ್ತದೆ. ಹಿಂದಕ್ಕೆ ಹೋದೆವು. ಅಣಬೆಯ ಹಾಗೆ ಎದ್ದ ಜಾಹೀರಾತುಗಳ ಕೆಳಗೆ ಆ ಉದ್ದ ಹೆಸರಿನ ತಾಣ ಮೊದಲು ಕಾಣಿಸಿದ ದಿನ ಸಿಕ್ಕಿತು. ಆವತ್ತು ಮೇಡಂ ಅದಕ್ಕೆ ಹೋಗಿದ್ದು ಮಾದರಿ ಪ್ರಶ್ನೆಪತ್ರಿಕೆಗಾಗಿ.

"ಹೌದು," ಎಂದರು. "ನೀವು ಮನುಷ್ಯರು ಅಂತ ತೋರಿಸೋಕೆ ಇದನ್ನ ಒತ್ತಿ ಅಂತಿತ್ತು. ಒತ್ತಿದೆ. ಪ್ರಶ್ನೆಪತ್ರಿಕೆಯೂ ಬಂತು, ಹಳೇದು, ತಪ್ಪುಗಳಿದ್ವು."

"ಅದನ್ನ ಒತ್ತಿದ್ದೇ ಅನುಮತಿ ಕೊಟ್ಟ ಹಾಗೆ ಮೇಡಂ. ಆಮೇಲೆ ಅವರು ಏನು ಬೇಕಾದ್ರೂ ಕಳಿಸ್ಬಹುದು."

"ಲಿಂಕು ನನಗೆ ಯಾರು ಕೊಟ್ರು?"

ಫೋನು ತೆಗೆದು ಪೋಷಕರ ಗ್ರೂಪಿನಲ್ಲಿ ಮೇಲಕ್ಕೆ ಮೇಲಕ್ಕೆ ಹೋದರು. ಸಿಕ್ಕಿತು. 'ಎಲ್ಲರಿಗೂ ಉಪಯೋಗವಾಗಲಿ, ಉಚಿತ ಮಾದರಿ ಪ್ರಶ್ನೆಪತ್ರಿಕೆಗಳು.' ಕಳಿಸಿದವರು ಸಿಂಧುವಿನ ತಾಯಿ. ಕೆಳಗೆ ಎಲ್ಲ ಪೋಷಕರ ಧನ್ಯವಾದಗಳು.

ಇದನ್ನು ಈಗಲೇ ಗ್ರೂಪಿಗೆ ಹಾಕೋಣ ಎಂದೆ. ಮೇಡಂ ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆ ಧನ್ಯವಾದಗಳ ಮೇಲೆ ಬೆರಳಿಟ್ಟುಕೊಂಡು ಯೋಚಿಸುತ್ತಿದ್ದರು.

"ಇವರೆಲ್ಲರೂ ಒತ್ತಿದಾರೆ. ಹಾಗಾದ್ರೆ ಇದು ಇವರೆಲ್ಲರ ಮನೇಲೂ ಬರ್ತಿರ್ಬೇಕಲ್ಲ?"

"ಬರ್ತಿರುತ್ತೆ ಮೇಡಂ."

"ಅಲ್ಲಿ ಯಾರನ್ನ ಹಿಡ್ಕೊಂಡಿದಾರೆ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಸಿಂಧು ಒಳ್ಳೆಯ ಹುಡುಗಿ, ಲೆಕ್ಕ ಮಾಡುವಾಗ ತನ್ನಷ್ಟಕ್ಕೆ ಹಾಡಿಕೊಳ್ಳುವವಳು. ಆ ಘಟನೆಗೆ ಎರಡು ವಾರ ಮೊದಲಿಂದ ಅವಳ ಮುಖ ಪಾಠದಲ್ಲಿ ಕಂಡಿರಲಿಲ್ಲ. ಕ್ಯಾಮೆರಾ ಮುಚ್ಚಿರುತ್ತಿತ್ತು, ಪ್ರಶ್ನೆ ಕೇಳಿದರೆ ಮಾತಿಲ್ಲ. ತಾಯಿಗೆ ಫೋನ್ ಮಾಡಿದಾಗ, "ಅವಳ ಲ್ಯಾಪ್‌ಟಾಪ್ ತೆಗೆದಿಟ್ಟಿದೀವಿ ಮೇಡಂ, ಸ್ವಲ್ಪ ಡಿಸಿಪ್ಲಿನ್ ಕಲೀಲಿ. ಈಗ ನನ್ನ ಫೋನಲ್ಲೇ ಕ್ಲಾಸ್, ನಾನೇ ಪಕ್ಕದಲ್ಲಿ ಕೂತ್ಕೋತೀನಿ," ಎಂದಿದ್ದರಂತೆ. ಯಾಕೆ ಎಂದು ಮೇಡಂ ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ.

ಮೇಡಂ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ತಮ್ಮ ಬಗ್ಗೆ ಊರೆಲ್ಲ ಮಾತಾಡಿದಾಗಲೂ ಅವರನ್ನು ನಾನು ಹಾಗೆ ನೋಡಿರಲಿಲ್ಲ.

"ಎದ್ದೇಳು. ಕೋಣನಕುಂಟೆಗೆ ಹೋಗಿಬರೋಣ."

"ಫೋನ್ ಮಾಡಿ ಹೋಗೋಣ ಮೇಡಂ."

"ಬೇಡ. ಕಾಫಿ ಮಾಡಿಟ್ಕೊಂಡು ಕಾಯ್ತಾರೆ."

ಬನಶಂಕರಿಯಲ್ಲಿ ಮೆಟ್ರೋ ಹತ್ತಿದೆವು. ಒಬ್ಬ ಹುಡುಗ ಎದ್ದು ಸೀಟು ಕೊಟ್ಟರೂ ಮೇಡಂ ಕೂರಲಿಲ್ಲ.

ಸಿಂಧುವಿನ ಮನೆ ಕೋಣನಕುಂಟೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಬಾಗಿಲು ತೆರೆದ ತಾಯಿಗೆ ನಮ್ಮನ್ನು ಕಂಡು ಗಾಬರಿ. ತಂದೆ ಟೀವಿ ನಿಲ್ಲಿಸಿ ಎದ್ದು ಬಂದರು. ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರು, ಮಾತು ಬಲ್ಲವರು.

"ಅಯ್ಯೋ ಮೇಡಂ, ನೀವ್ಯಾಕೆ ಇಲ್ಲೀವರೆಗೂ ಬರೋಕೆ ಹೋದ್ರಿ. ನಾವೇನೂ ತಪ್ಪು ತಿಳ್ಕೊಂಡಿಲ್ಲ. ಆಗುತ್ತೆ."

"ನಾನು ನನ್ನ ವಿಷಯಕ್ಕೆ ಬಂದಿಲ್ಲ. ಸಿಂಧು ಲ್ಯಾಪ್‌ಟಾಪ್ ಯಾಕೆ ತೆಗೆದಿಟ್ರಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಅದು ನಮ್ಮನೆ ವಿಷಯ ಬಿಡಿ ಮೇಡಂ," ಎಂದರು ತಂದೆ.

"ಅದರಲ್ಲೂ ಹೊಲಸು ಚಿತ್ರ ಬಂತಾ?"

ತಾಯಿ ಸೋಫಾದ ಅಂಚಿನಲ್ಲಿ ಕೂತುಬಿಟ್ಟರು. ಮೇಡಂ ಮೆಲ್ಲಗೆ, ಬಹಳ ಮೆಲ್ಲಗೆ, "ತಂದ್ಕೊಡಿ" ಎಂದರು. ಏನನ್ನಿಸಿತೋ, ತಂದೆ ಒಳಗೆ ಹೋಗಿ ವಾರ್ಡ್‌ರೋಬಿನ ಮೇಲಿಂದ ಲ್ಯಾಪ್‌ಟಾಪ್ ಇಳಿಸಿ ತಂದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದರು, ಮೈಲಿಗೆಯಾದದ್ದನ್ನು ಸುತ್ತಿಟ್ಟ ಹಾಗೆ.

ಆನ್ ಮಾಡಿ ಕಾದೆವು. ಅದೇ ಮೂಲೆ, ಅದೇ ಚೌಕ, ಅಂಥದೇ ಹೆಂಗಸು. ತಾಯಿ ಮುಖ ತಿರುಗಿಸಿದರು. ನಾನು ಪಟ್ಟಿ ತೆರೆದು ಆ ಉದ್ದ ಹೆಸರನ್ನು ತೋರಿಸಿದೆ. ಅದು ಬಂದ ದಿನ ತೋರಿಸಿದೆ. ಮೇಡಂ ತಮ್ಮ ಫೋನು ಪಕ್ಕದಲ್ಲಿಟ್ಟು ಆ ತಾಯಿಯದೇ ಸಂದೇಶ ತೋರಿಸಿದರು. ದಿನ ಒಂದೇ.

"ಪ್ರಶ್ನೆಪತ್ರಿಕೆ ಇಳಿಸ್ಕೋ ಅಂತ ನೀವೇ ಹೇಳಿರ್ತೀರಿ ಅವಳಿಗೆ," ಎಂದರು ಮೇಡಂ.

"ಹೇಳಿದ್ದೆ," ಎಂದರು ತಾಯಿ.

"ಕರೀರಿ ಅವಳನ್ನ."

ಕರೆಯಬೇಕಾಗಿರಲಿಲ್ಲ. ಸಿಂಧು ತನ್ನ ಕೋಣೆಯ ಬಾಗಿಲಲ್ಲಿ ಆಗಲೇ ನಿಂತಿದ್ದಳು. ಸಣಕಲು ಹುಡುಗಿ, ಕಣ್ಣ ಕೆಳಗೆ ಕಪ್ಪು. ಮೇಡಂ ಎದ್ದು ಅವಳ ಹತ್ತಿರ ಹೋದರು. ಹೋದವರು ಅವಳನ್ನು ಮಾತಾಡಿಸದೆ ಬಾಗಿಲನ್ನು ನೋಡುತ್ತಾ ನಿಂತರು. ಒಳಗಡೆ ಚಿಲಕ ಇರಬೇಕಾದ ಜಾಗದಲ್ಲಿ ನಾಲ್ಕು ತೂತು. ಸ್ಕ್ರೂ ಕಿತ್ತ ಜಾಗದಲ್ಲಿ ಮರ ಸೀಳು ಬಿಟ್ಟಿತ್ತು. ಮೇಡಂ ಆ ತೂತುಗಳ ಮೇಲೆ ಬೆರಳಾಡಿಸಿದರು.

"ಇದನ್ನ ಯಾರು ತೆಗೆದಿದ್ದು?"

"ನಾನೇ," ಎಂದರು ತಂದೆ. "ನೋಡಿ ಮೇಡಂ, ಈ ಕಾಲದಲ್ಲಿ ಯಾವ ಅಪ್ಪ ಅನುಮಾನ ಪಡಲ್ಲ ಹೇಳಿ. ಬಾಗಿಲು ಹಾಕ್ಕೊಂಡು ಏನು ಮಾಡ್ತಾಳೋ..."

"ಅವಳು ಏನು ಹೇಳಿದ್ಲು?"

"ನಾನಲ್ಲ ಅಂದ್ಲು. ಎಲ್ಲಾ ಮಕ್ಕಳೂ ಹಾಗೇ ಅಂತಾರೆ."

"ನಾನೂ ಹಾಗೇ ಅಂತಿದ್ದೆ, ಕೇಳಿದ್ರೆ," ಎಂದರು ಮೇಡಂ. "ಅನುಮಾನ ಪಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ನಾನಲ್ಲ ಅಂತ ಅವಳು ಹೇಳಿದ ಮೇಲೂ ನೀವು ನೋಡೋಕೆ ಹೋಗ್ಲಿಲ್ಲ. ಚಿಲಕ ಕೀಳೋಕೆ ಹೋದ್ರಿ. ಈಗ ಅವಳ ಹತ್ರ ತಪ್ಪಾಯ್ತು ಅನ್ನಿ."

ತಂದೆಗೆ ನಗು ಬಂದ ಹಾಗಾಯಿತು. "ಮಕ್ಕಳ ಹತ್ರ ಸಾರಿ ಕೇಳೋದಾ ಮೇಡಂ? ಗೊತ್ತಾಯ್ತಲ್ಲ, ಮುಗೀತು. ಸಿಂಧು, ತಗೊಳಮ್ಮ ನಿನ್ನ ಲ್ಯಾಪ್‌ಟಾಪು. ಚಿಲಕಾನೂ ಹಾಕಿಸ್ಕೊಡ್ತೀನಿ, ಸೋಮವಾರ ಕಾರ್ಪೆಂಟರ್ ಬರ್ತಾನೆ."

"ತೆಗೆಯೋವಾಗ ಕಾರ್ಪೆಂಟರ್ ಬಂದಿದ್ನಾ?"

ಮೇಡಂ ಊಟದ ಮೇಜಿನ ಕುರ್ಚಿಯೊಂದನ್ನು ಎಳೆದು ಆ ಬಾಗಿಲ ಪಕ್ಕದಲ್ಲೇ ಹಾಕಿಕೊಂಡು ಕೂತರು. "ನಮಗೇನೂ ಅರ್ಜೆಂಟಿಲ್ಲ," ಎಂದರು ನನ್ನ ಕಡೆ ನೋಡಿ. ನಾನೂ ಕೂತೆ. ತಂದೆ ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತು ಫೋನ್ ನೋಡಿದರು. ಒಳಗೆ ಬಂದರು. ಮತ್ತೆ ಬಾಲ್ಕನಿಗೆ ಹೋದರು. ಕೊನೆಗೆ ಅಡುಗೆಮನೆಯ ಡ್ರಾಯರ್ ತೆರೆದ ಸದ್ದಾಯಿತು. ಚಿಲಕ, ಸ್ಕ್ರೂಡ್ರೈವರ್ ಹಿಡಿದು ಬಂದು ಬಾಗಿಲ ಮುಂದೆ ಮಂಡಿಯೂರಿದರು. ಒಂದು ಸ್ಕ್ರೂ ಕಳೆದುಹೋಗಿತ್ತು. ಮೂರು ಹಾಕಿದರು. ಬೆವರು ಸುರಿಯುತ್ತಿತ್ತು. ತಪ್ಪಾಯ್ತು ಎಂಬ ಮಾತು ಮಾತ್ರ ಆ ಬಾಯಿಂದ ಬರಲಿಲ್ಲ. ಅದನ್ನು ಹೇಳಿದ್ದು ತಾಯಿ. ಮಗಳ ಕೈ ಹಿಡಿದುಕೊಂಡು ಹೇಳಿದರು. ಸಿಂಧು ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿದುಕೊಳ್ಳಲೂ ಇಲ್ಲ.

"ಮೇಡಂಗೆ?" ಎಂದಳು. ನಾವು ಅಲ್ಲಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಏನಮ್ಮಾ?"

"ಮೇಡಂಗೆ ಯಾರು ಹೇಳ್ತಾರೆ? ಗ್ರೂಪಲ್ಲಿ ಬರೆದಿದ್ಯಲ್ಲ ಅವರ ಬಗ್ಗೆ. ಅಲ್ಲೇ ಬರಿ."

ಮೇಡಂ ಬೇಡವೆನ್ನಲಿಲ್ಲ. ಅದೇ ನನಗೆ ಇಷ್ಟವಾದದ್ದು. ಅಯ್ಯೋ ಪರವಾಗಿಲ್ಲ ಬಿಡಮ್ಮ ಎನ್ನುವ ಜಾತಿಯವರಲ್ಲ ಅವರು. ಕುರ್ಚಿಯಲ್ಲಿ ಕೈಕಟ್ಟಿಕೊಂಡು ಕೂತೇ ಇದ್ದರು. ತಾಯಿ ಫೋನ್ ತೆಗೆದು ಬರೆದರು. ಸಿಂಧು ಭುಜದ ಮೇಲಿಂದ ಓದಿ ಜೋರಾಗಿ ಹೇಳಿದಳು: "ಮೇಡಂ ಕಂಪ್ಯೂಟರಿನ ಟೆಕ್ನಿಕಲ್ ಸಮಸ್ಯೆ ಸರಿಹೋಗಿದೆ. ಎಲ್ಲರೂ ಕ್ಲಾಸಿಗೆ ಬರಬಹುದು."

ಹಾಗೆಂದು ತಾಯಿಯ ಕೈಯಿಂದ ಫೋನ್ ತೆಗೆದುಕೊಂಡು ಅದನ್ನು ಅಳಿಸಿ ವಾಪಸ್ಸು ಕೊಟ್ಟಳು.

"ಲಿಂಕ್ ಕಳಿಸಿದ್ದು ನಾನು ಅಂತ ಬರಿ ಅಮ್ಮ."

ತಾಯಿ ಬರೆದರು. ಲಿಂಕು ಕಳಿಸಿದ್ದು ನಾನು, ಅದರಿಂದಲೇ ಹೊಲಸು ಜಾಹೀರಾತು ಬರುತ್ತಿರುವುದು, ನಮ್ಮ ಮನೆಯಲ್ಲೂ ಬಂದಿದೆ, ನಿಮ್ಮ ಮನೆಯಲ್ಲೂ ಬರುತ್ತಿರಬಹುದು, ಮಕ್ಕಳನ್ನು ಅನುಮಾನಿಸಬೇಡಿ, ಮೇಡಂ ಬಗ್ಗೆ ನಾನು ಬರೆದದ್ದು ತಪ್ಪು. ತೆಗೆಯುವುದು ಹೇಗೆಂದು ನಾನು ಹೇಳಿ ಬರೆಸಿದೆ. ಆ ಸಂದೇಶಕ್ಕೆ ಮೊದಲು ಬಂದ ಉತ್ತರ ಒಂದು ಹೆಬ್ಬೆರಳು. ಆಮೇಲೆ ಇನ್ನೂ ನಾಲ್ಕಾರು ಹೆಬ್ಬೆರಳು. ಒಬ್ಬರಾದರೂ ಒಂದು ವಾಕ್ಯ ಬರೆಯಲಿಲ್ಲ. ಪ್ರಶ್ನೆಪತ್ರಿಕೆ ಬಂದಾಗ ಅಷ್ಟುದ್ದ ಧನ್ಯವಾದ ಬರೆದಿದ್ದ ಜನ.

ಮುಂದಿನ ವಾರ ಎಲ್ಲರ ಕಣ್ಣು ನೋವೂ ವಾಸಿಯಾಯಿತು. ಮಕ್ಕಳು ಒಬ್ಬೊಬ್ಬರೇ ಪಾಠಕ್ಕೆ ವಾಪಸ್ಸು ಬಂದರು. ನಾನಾಗಿದ್ದರೆ ಬಾಗಿಲು ಹಾಕುತ್ತಿದ್ದೆ ಎಂದೆ. "ಮಕ್ಕಳೇನು ಮಾಡಿದ್ವು," ಎಂದರು ಮೇಡಂ. ಒಬ್ಬರನ್ನೂ ಬಿಡದೆ ಪರೀಕ್ಷೆವರೆಗೂ ಪಾಠ ಮಾಡಿದರು. ದೊಡ್ಡವರ ಜೊತೆ ಮಾತ್ರ ಮಾತು ನಿಲ್ಲಿಸಿದರು. ಮಕ್ಕಳ ಬಗ್ಗೆ ಹೇಳುವುದಿದ್ದರೆ ಮಕ್ಕಳಿಗೇ ಹೇಳುವರು. ಫಲಿತಾಂಶ ಬಂದ ದಿನ ಸಿಹಿ ಹಿಡಿದು ಬಂದ ಅಪ್ಪ ಅಮ್ಮಂದಿರು ಗೇಟಿನಾಚೆಯೇ ನಿಂತು ಹೋದರು. ಸಿಂಧು ಒಬ್ಬಳೇ ಬಂದಳು, ಒಳಗೆ ಕೂತು ಊಟ ಮಾಡಿಕೊಂಡು ಹೋದಳು.

ಇಷ್ಟು ಗಟ್ಟಿ ಕೋಪ ಒಳ್ಳೆಯದಲ್ಲ ಎಂದು ನನಗೆ ಹಲವರು ಹೇಳಿದರು, ಮೇಡಂಗೆ ಮುಟ್ಟಲಿ ಎಂದು. ವಯಸ್ಸಾದ ಮೇಲೆ ಮನಸ್ಸು ತಿಳಿಯಾಗಬೇಕಂತೆ. ನಾನು ಮುಟ್ಟಿಸಲಿಲ್ಲ. ಮನಸ್ಸು ತಿಳಿಯಾಗಬೇಕಾದದ್ದು ನೀರು ಕದಡಿದವರದ್ದೋ, ಅದನ್ನು ಕುಡಿಯಬೇಕಾಗಿ ಬಂದವರದ್ದೋ?

ಹೋದ ಬೇಸಿಗೆಯಲ್ಲಿ ಮೇಡಂ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಜಯನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಅಲ್ಲಿಂದ ಅವರು ಮನೆಗೆ ಬರಲೇ ಇಲ್ಲ. ನಾನು ಕೊನೆಯದಾಗಿ ನೋಡಿದ ದಿನ ಅವರಿಗೆ ಇನ್ನೂ ಎಚ್ಚರವಿತ್ತು. ಮೂಗಿಗೆ ಆಮ್ಲಜನಕದ ನಳಿಗೆ, ಕನ್ನಡಕ ಪಕ್ಕದ ಮೇಜಿನ ಮೇಲೆ. ನಾನು ಕೂತಿದ್ದಾಗ ಆ ತಾಯಿ ಬಂದರು, ಮೊದಲಿಗೆ ಮಗನನ್ನು ಬಿಡಿಸಿದವರು, ಆಮೇಲೆ ಗ್ರೂಪಿನಲ್ಲಿ ಶಾಂತ ಸ್ವಭಾವ ಎಂದು ಬರೆದವರು. ಕೈಯಲ್ಲಿ ಸೇಬು, ಮೂಸಂಬಿ. ಮೇಡಂ ಅವರನ್ನು ನೋಡಿದರು, ಮಾತಾಡಲಿಲ್ಲ. ಆಕೆ ಹಣ್ಣನ್ನು ಮೇಜಿನ ಮೇಲಿಟ್ಟು, ಹಾಸಿಗೆಯ ಹತ್ತಿರ ಬಂದು, ದನಿ ಒದ್ದೆ ಮಾಡಿಕೊಂಡು, "ಹಳೇದೆಲ್ಲ ಮರ್ತುಬಿಡಿ ಮೇಡಂ," ಎಂದರು.

ಮೇಡಂ ತುಟಿ ಅಲುಗಿತು. ಆಕೆ ಬಾಗಿದರು, ಇನ್ನೂ ಬಾಗಿದರು, ಕಿವಿ ಹತ್ತಿರ ತಂದರು.

"ಮುರಿದಿರೋದು ಸೊಂಟ ಕಣಮ್ಮ," ಎಂದರು ಮೇಡಂ. "ಜ್ಞಾಪಕ ಚೆನ್ನಾಗಿದೆ."